ಹೊಸ ದೂರದರ್ಶಕಗಳು, ಹೊಸ ಸಂಶೋಧನೆಗಳು: ಕಾರವಾರ–ಶಿರಸಿಯ ಆಕಾಶವೀಕ್ಷಣೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ದೀಪಾವಳಿ ಕಳೆದು ಆಕಾಶ ತಿಳಿಯಾದಾಗಿನಿಂದ ಮುಂಗಾರಿನ ಮೋಡ ಕಟ್ಟುವವರೆಗೆ ನಮ್ಮ ಸಣ್ಣ ಗುಂಪು ಕಾರವಾರದ ಟಾಗೋರ್ ಕಡಲತೀರದಲ್ಲಿ, ಕೆಲವೊಮ್ಮೆ ಶಿರಸಿ, ಸಿದ್ದಾಪುರ ಕಡೆಯ ಶಾಲೆಗಳ ಅಂಗಳದಲ್ಲಿ, ಎಂಟು ಇಂಚಿನ ದೂರದರ್ಶಕವೊಂದನ್ನು ನಿಲ್ಲಿಸಿ ಬಂದವರಿಗೆ ಆಕಾಶ ತೋರಿಸುತ್ತದೆ. ಶನಿಯ ಬಳೆ ನೋಡಿದ ಮೇಲೆ ಜನ ಕೇಳುವ ಪ್ರಶ್ನೆಗಳು ಈಚಿನ ವರ್ಷಗಳಲ್ಲಿ ಬದಲಾಗಿವೆ. ಮೊದಲು "ಇದು ಎಷ್ಟು ದೂರ" ಎಂದು ಕೇಳುತ್ತಿದ್ದವರು ಈಗ ಮೊಬೈಲ್ ತೆಗೆದು, ಅದರಲ್ಲಿ ಬಂದ ಚಿತ್ರವನ್ನೋ ಸುದ್ದಿಯನ್ನೋ ತೋರಿಸಿ "ಇದು ನಿಜವೇ" ಎನ್ನುತ್ತಾರೆ. ಕತ್ತಲಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸಲಾಗದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ದೊಡ್ಡ ದೂರದರ್ಶಕಗಳು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತವೆ?

ಬಂದವರೆಲ್ಲ ಮೊದಲು ಕೇಳುವುದು ಇದನ್ನೇ. ವೃತ್ತಿಪರ ಖಗೋಳ ವಿಜ್ಞಾನಿಗಳು ತಮ್ಮಲ್ಲಿ ಎಂದೂ ಕೇಳಿಕೊಳ್ಳದ ಪ್ರಶ್ನೆಯೂ ಇದೇ. ದೂರದರ್ಶಕದ ಮೊದಲ ಕೆಲಸ ಬೆಳಕನ್ನು ಕೂಡಿಹಾಕುವುದು. ಮಳೆ ಬೀಳುವಾಗ ಅಂಗಳದಲ್ಲಿ ಚೊಂಬು ಇಟ್ಟರೆ ಎಷ್ಟು ನೀರು, ಅಗಲ ಬಾಯಿಯ ಹಂಡೆ ಇಟ್ಟರೆ ಎಷ್ಟು ನೀರು ಎಂಬ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ. ಕತ್ತಲಿಗೆ ಹೊಂದಿಕೊಂಡ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ಅಗಲವಾಗುತ್ತದೆ. ನಮ್ಮ ಎಂಟು ಇಂಚಿನ ಕನ್ನಡಿ ಅದಕ್ಕಿಂತ ಸುಮಾರು 800 ಪಟ್ಟು ಹೆಚ್ಚು ಬೆಳಕನ್ನು ಹಿಡಿಯುತ್ತದೆ. ಚಿಲಿ ದೇಶದ ಸೆರೋ ಅರ್ಮಜೋನೆಸ್ ಬೆಟ್ಟದ ಮೇಲೆ, 3046 ಮೀಟರ್ ಎತ್ತರದಲ್ಲಿ, ಯುರೋಪಿನ ದೇಶಗಳು ಕೂಡಿ ಕಟ್ಟುತ್ತಿರುವ ಇಎಲ್‌ಟಿ ದೂರದರ್ಶಕದ ಕನ್ನಡಿಯ ಅಗಲ 39 ಮೀಟರ್. ಅಂದರೆ ನಮ್ಮದಕ್ಕಿಂತ ಸುಮಾರು 37 ಸಾವಿರ ಪಟ್ಟು ಬೆಳಕು. ಅಷ್ಟು ದೊಡ್ಡ ಗಾಜನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಲಾಗದ ಕಾರಣ ಅದನ್ನು ಆರು ಮೂಲೆಯ 798 ತುಂಡುಗಳನ್ನು ಜೋಡಿಸಿ ಮಾಡುತ್ತಾರೆ.

ಹಿಡಿದ ಬೆಳಕಿನಲ್ಲಿ ಬೇಕಾದುದೆಷ್ಟು, ಬೇಡದ್ದೆಷ್ಟು ಎಂದು ಬೇರ್ಪಡಿಸುವುದು ಎರಡನೆಯ ಕೆಲಸ. ಈಗಿನ ಹೊಸ ಉಪಕರಣಗಳ ಮೇಲೆ ಸುರಿದ ಬುದ್ಧಿ, ಹಣ, ವರ್ಷಗಳೆಲ್ಲ ಬಹುಪಾಲು ಈ ಎರಡನೆಯ ಕೆಲಸಕ್ಕೇ ಹೋಗಿವೆ ಎಂಬುದು ನನ್ನ ಅಭಿಪ್ರಾಯ. ಮುಂದಿನ ಉತ್ತರಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ.

ವಿಜ್ಞಾನಿಗಳು ರಾತ್ರಿಯೆಲ್ಲ ದೂರದರ್ಶಕಕ್ಕೆ ಕಣ್ಣಿಟ್ಟು ಕೂರುತ್ತಾರೆಯೇ?

ಇಲ್ಲ. ಕಣ್ಣಿನ ಜಾಗದಲ್ಲಿ ಈಗ ಕ್ಯಾಮೆರಾ ಅಥವಾ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕ ಇರುತ್ತದೆ. ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, ಭಾರತೀಯ ಖಗೋಳಭೌತ ಸಂಸ್ಥೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವವರು ಕೂರುವುದು ಬೆಂಗಳೂರಿನ ಹೊರಗಿನ ಹೊಸಕೋಟೆಯಲ್ಲಿ. ಆದೇಶಗಳೂ ಚಿತ್ರಗಳೂ ಉಪಗ್ರಹದ ಮೂಲಕ ಹೋಗಿಬರುತ್ತವೆ. ಹಾನ್ಲೆಯ ಉಸಿರುಗಟ್ಟಿಸುವ ಚಳಿಯಲ್ಲಿ ತಿರುಗುವ ಯಂತ್ರವನ್ನು ಹೊಸಕೋಟೆಯಲ್ಲಿ ಚಹಾ ಕುಡಿಯುತ್ತ ತಿರುಗಿಸಬಹುದು.

ಆದರೂ ಕಣ್ಣಿಟ್ಟು ನೋಡುವುದಕ್ಕೆ ಅದರದೇ ಬೆಲೆ ಇದೆ. ಸಿದ್ದಾಪುರದ ಕಡೆಯ ಶಾಲೆಯೊಂದರಲ್ಲಿ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಕಣ್ಣಿಟ್ಟವಳೇ "ಅಕ್ಕೋರೇ, ಚಂದ್ರ ಓಡ್ತಾ ಇದ್ದಾನೆ" ಎಂದು ಕೂಗಿದಳು. ಓಡುತ್ತಿದ್ದುದು ಭೂಮಿ. ಆ ಓಟವನ್ನು ಸರಿದೂಗಿಸಿ, ನೂರಾರು ಟನ್ ತೂಕದ ಯಂತ್ರವನ್ನು ಕೂದಲೆಳೆಯಷ್ಟೂ ಅಲುಗದಂತೆ ತಿರುಗಿಸುವುದೇ ದೊಡ್ಡ ವೀಕ್ಷಣಾಲಯಗಳ ನಿತ್ಯದ ಪಾಡು.

ಸಹ್ಯಾದ್ರಿಯಲ್ಲಿ ಇಷ್ಟೊಂದು ಎತ್ತರದ ಗುಡ್ಡಗಳಿರುವಾಗ ಇಲ್ಲೇಕೆ ದೊಡ್ಡ ವೀಕ್ಷಣಾಲಯ ಕಟ್ಟುವುದಿಲ್ಲ?

ಉತ್ತರ ನಮ್ಮ ಮನೆಯ ಕಪಾಟಿನಲ್ಲಿದೆ. ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳಲ್ಲಿ ದೂರದರ್ಶಕವನ್ನು ಬಟ್ಟೆ ಸುತ್ತಿ ಇಟ್ಟು, ಅಕ್ಟೋಬರಿನಲ್ಲಿ ತೆಗೆದಾಗ ಕಣ್ಣಿನ ಕಡೆಯ ಮಸೂರದ ಮೇಲೆ ಜೇಡನ ಬಲೆಯಂಥ ಬಿಳಿ ಎಳೆಗಳು ಹಬ್ಬಿದ್ದವು. ಅದು ಬೂಷ್ಟು, ಗಾಜಿನ ಲೇಪವನ್ನೇ ತಿಂದುಬಿಟ್ಟಿತ್ತು. ಒರೆಸಿದರೂ ಗುರುತು ಹೋಗಲಿಲ್ಲ. ಮಸೂರದ ಗತಿಯೇ ಹೀಗಾದರೆ ಎರಡು-ಮೂರು ಮೀಟರ್ ಅಗಲದ, ಅಲ್ಯೂಮಿನಿಯಂ ಲೇಪದ ಕನ್ನಡಿಯನ್ನು ಘಟ್ಟದ ಮಂಜಿನಲ್ಲಿ, ಕರಾವಳಿಯ ಉಪ್ಪುಗಾಳಿಯಲ್ಲಿ ಕಾಪಾಡುವುದು ಹೇಗಿರಬಹುದು ಎಂದು ಊಹಿಸಿಕೊಳ್ಳಿ.

ದೊಡ್ಡ ವೀಕ್ಷಣಾಲಯಕ್ಕೆ ಬೇಕಾದುದು ಬರೀ ಎತ್ತರವಲ್ಲ. ವರ್ಷದ ಬಹುಪಾಲು ರಾತ್ರಿ ಮೋಡವಿರಬಾರದು, ಗಾಳಿ ಒಣಗಿರಬೇಕು, ಮೇಲಿನ ಗಾಳಿ ನಿಶ್ಚಲವಾಗಿರಬೇಕು, ಸುತ್ತ ದೀಪಗಳಿರಬಾರದು. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ನಕ್ಷತ್ರ ಕಾಣುವುದೇ ಅಪರೂಪ. ಗಾಳಿಯಲ್ಲಿನ ನೀರಾವಿ ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬೆಳಕನ್ನು ನುಂಗಿಬಿಡುವುದರಿಂದ ಹಾನ್ಲೆಯಂಥ ಎತ್ತರದ ಮರುಭೂಮಿ, ಚಿಲಿಯ ಅಟಕಾಮಾದಂಥ ಒಣ ನೆಲವನ್ನೇ ಹುಡುಕಿಕೊಂಡು ಹೋಗುತ್ತಾರೆ. ಹಾನ್ಲೆಯ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಿದ್ದಾರೆ. 2024ರ ಅಕ್ಟೋಬರಿನಲ್ಲಿ ಅಲ್ಲಿಯೇ 21 ಮೀಟರ್ ಅಗಲದ ಮೇಸ್ ಎಂಬ ಗಾಮಾ ಕಿರಣ ದೂರದರ್ಶಕವನ್ನು ಉದ್ಘಾಟಿಸಲಾಯಿತು.

ಇಲ್ಲಿನ ಆಕಾಶಕ್ಕೆ ಒಂದು ಹೆಚ್ಚುಗಾರಿಕೆಯೂ ಇದೆ ಎಂಬುದನ್ನು ಹೇಳದಿದ್ದರೆ ಊರಿಗೆ ಅನ್ಯಾಯವಾದೀತು. ಕಾರವಾರ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ದೆಹಲಿಯವರಿಗೆ ಸರಿಯಾಗಿ ಕಾಣದ ತ್ರಿಶಂಕು ನಕ್ಷತ್ರಪುಂಜ ನಮಗೆ ಏಪ್ರಿಲ್–ಮೇ ರಾತ್ರಿಗಳಲ್ಲಿ ದಕ್ಷಿಣ ದಿಗಂತದ ಮೇಲೆ ಸಲೀಸಾಗಿ ಕಾಣುತ್ತದೆ.

ಚಿಲಿಯ ರೂಬಿನ್ ದೂರದರ್ಶಕದ ಸುದ್ದಿ ಎಲ್ಲೆಡೆ ಬರುತ್ತಿದೆ. ಅದರಲ್ಲಿ ಹೊಸದೇನು?

ಅದರ ಕನ್ನಡಿ 8.4 ಮೀಟರ್, ಅಷ್ಟು ದೊಡ್ಡವು ಬೇರೆಡೆಯೂ ಇವೆ. ಹೊಸದಿರುವುದು ಅದರ ಕ್ಯಾಮೆರಾದಲ್ಲಿ ಮತ್ತು ಅದು ಕೆಲಸ ಮಾಡುವ ಬಗೆಯಲ್ಲಿ. ಸಣ್ಣ ಕಾರಿನಷ್ಟು ದೊಡ್ಡದಾದ ಆ ಕ್ಯಾಮೆರಾದ ಒಂದೊಂದು ಚಿತ್ರದಲ್ಲಿ 320 ಕೋಟಿ ಚುಕ್ಕಿಗಳಿರುತ್ತವೆ. ಹುಣ್ಣಿಮೆಯ ಚಂದ್ರನಂಥ ಸುಮಾರು 45 ಬಿಂಬಗಳು ಹಿಡಿಯುವಷ್ಟು ಆಕಾಶ ಒಮ್ಮೆಗೇ ಸಿಗುತ್ತದೆ. ಸುಮಾರು 30 ಸೆಕೆಂಡಿಗೆ ಒಂದು ಚಿತ್ರ ತೆಗೆದು ಪಕ್ಕದ ತುಂಡಿಗೆ ಹೊರಳುತ್ತ, ಮೂರು-ನಾಲ್ಕು ರಾತ್ರಿಗಳಿಗೊಮ್ಮೆ ತನಗೆ ಕಾಣುವ ಆಕಾಶವನ್ನೆಲ್ಲ ಸುತ್ತಿಬರುವುದು, ಹೀಗೆ ಹತ್ತು ವರ್ಷ ಮಾಡುವುದು ಅದರ ಯೋಜನೆ.

ಇದುವರೆಗಿನ ವೀಕ್ಷಣಾಲಯಗಳಲ್ಲಿ ವಿಜ್ಞಾನಿಯೊಬ್ಬರು ಇಂಥ ನಕ್ಷತ್ರ ನೋಡಬೇಕೆಂದು ಅರ್ಜಿ ಹಾಕಿ, ತಮ್ಮ ಪಾಳಿಗೆ ಕಾಯುತ್ತಿದ್ದರು. ರೂಬಿನ್ ಯಾರ ಅರ್ಜಿಗೂ ಕಾಯುವುದಿಲ್ಲ. ಬೀಟಿನ ಪೊಲೀಸರ ಹಾಗೆ ಓಣಿಯೋಣಿ ತಿರುಗಿ, ನಿನ್ನೆಗಿಂತ ಇಂದು ಏನು ಬದಲಾಗಿದೆ ಎಂದು ನೋಡುತ್ತದೆ. ಹೊಸ ಚುಕ್ಕಿ ಕಂಡರೆ, ಇದ್ದ ಚುಕ್ಕಿ ಸರಿದರೆ, ಮಂಕಾದರೆ ಒಂದು ನಿಮಿಷದೊಳಗೆ ಜಗತ್ತಿಗೆ ತಿಳಿಸುವುದು ಗುರಿ. 2025ರ ಜೂನ್ 23ರಂದು ಮೊದಲ ಚಿತ್ರಗಳು ಹೊರಬಂದಾಗ, ಸುಮಾರು ಹತ್ತು ಗಂಟೆಗಳ ವೀಕ್ಷಣೆಯಲ್ಲೇ 2104 ಹೊಸ ಕ್ಷುದ್ರಗ್ರಹಗಳು ಸಿಕ್ಕಿದ್ದವು. ಅವುಗಳಲ್ಲಿ ಏಳು ಭೂಮಿಯ ಸಮೀಪ ಸುಳಿಯುವಂಥವು, ಯಾವುದೂ ಅಪಾಯಕಾರಿಯಲ್ಲ. ರಾತ್ರಿಯೊಂದಕ್ಕೆ ಸುಮಾರು 20 ಟೆರಾಬೈಟ್ ಮಾಹಿತಿ ಬಂದು ಬೀಳುವುದರಿಂದ ಅದನ್ನು ಮನುಷ್ಯರು ಕುಳಿತು ನೋಡುವ ಪ್ರಶ್ನೆಯೇ ಇಲ್ಲ. ಹೊಸ ಪೀಳಿಗೆಯ ಖಗೋಳ ವಿಜ್ಞಾನಿ ಅರ್ಧ ಭೌತವಿಜ್ಞಾನಿ, ಅರ್ಧ ಪ್ರೋಗ್ರಾಮರ್.

ಈ ವೀಕ್ಷಣಾಲಯಕ್ಕೆ ಹೆಸರು ಕೊಟ್ಟ ವೆರಾ ರೂಬಿನ್ ಅವರು ಗೆಲಾಕ್ಸಿಗಳ ಅಂಚಿನ ನಕ್ಷತ್ರಗಳು ಇರಬೇಕಾದುದಕ್ಕಿಂತ ವೇಗವಾಗಿ ಸುತ್ತುತ್ತಿವೆ ಎಂದು ಅಳೆದು ತೋರಿಸಿ, ಕಣ್ಣಿಗೆ ಕಾಣದ ಕಪ್ಪು ದ್ರವ್ಯವಿದೆ ಎಂಬ ವಾದಕ್ಕೆ ಗಟ್ಟಿ ಆಧಾರ ಕೊಟ್ಟವರು.

ನಕ್ಷತ್ರ ಮಿನುಗುವುದು ಚೆಂದವಲ್ಲವೇ? ವಿಜ್ಞಾನಿಗಳಿಗೆ ಅದರಿಂದೇನು ತೊಂದರೆ?

ಆಲೆಮನೆಯಲ್ಲಿ ಕೊಪ್ಪರಿಗೆಯ ಕಬ್ಬಿನ ಹಾಲು ಕುದಿಯುವಾಗ ಆಚೆ ಬದಿ ನಿಂತವರ ಮುಖ ನೋಡಿದ್ದೀರಾ? ಬಿಸಿಗಾಳಿಯ ಹಿಂದೆ ಮೂಗು, ಕಣ್ಣು ಎಲ್ಲ ಬಳುಕುತ್ತವೆ. ನಕ್ಷತ್ರದ ಬೆಳಕೂ ವಾಯುಮಂಡಲದ ಬಿಸಿ-ತಂಪು ಪದರಗಳನ್ನು ದಾಟಿ ಬರುವಾಗ ಹಾಗೆಯೇ ಬಳುಕುತ್ತದೆ. ಕನ್ನಡಿ ಎಷ್ಟು ದೊಡ್ಡದಾದರೂ ಚಿತ್ರ ಕದಡಿಯೇ ಬರುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯ ಜಾಣತನದ್ದು. ಆಕಾಶಕ್ಕೆ ಪ್ರಬಲವಾದ ಲೇಸರ್ ಬಿಟ್ಟು, ಸುಮಾರು 90 ಕಿಲೋಮೀಟರ್ ಎತ್ತರದಲ್ಲಿರುವ ಸೋಡಿಯಂ ಪರಮಾಣುಗಳನ್ನು ಹೊಳೆಯಿಸಿ, ಕೃತಕ ನಕ್ಷತ್ರವೊಂದನ್ನು ಮಾಡಿಕೊಳ್ಳುತ್ತಾರೆ. ಅದರ ಬೆಳಕು ಹೇಗೆ ಕದಡಿದೆಯೆಂದು ಅಳೆದು, ತೆಳುವಾದ ಕನ್ನಡಿಯನ್ನು ಅದಕ್ಕೆ ವಿರುದ್ಧವಾಗಿ ಸೆಕೆಂಡಿಗೆ ನೂರಾರು ಸಲ ಬಾಗಿಸುತ್ತಾರೆ. ಇಎಲ್‌ಟಿಯಲ್ಲಿ ಹೀಗೆ ಬಾಗುವ ಕನ್ನಡಿಯ ಹಿಂದೆ 5 ಸಾವಿರಕ್ಕೂ ಹೆಚ್ಚು ಪುಟ್ಟ ಚಾಲಕಗಳಿವೆ. ಗಾಳಿ ಹಾಕಿದ ಸುಕ್ಕನ್ನು ಕನ್ನಡಿ ತೆಗೆಯುತ್ತದೆ.

ಹಾಗಾದರೆ ವೆಬ್ ದೂರದರ್ಶಕವನ್ನು ಬಾಹ್ಯಾಕಾಶಕ್ಕೆ ಕಳಿಸುವ ಅಗತ್ಯವೇನಿತ್ತು? ಅದರ ಚಿತ್ರಗಳ ಬಣ್ಣ ನಿಜವೇ?

ಅಗತ್ಯವಿದ್ದುದು ಮುಖ್ಯವಾಗಿ ಅವಗೆಂಪು ಬೆಳಕಿಗಾಗಿ. ವಿಶ್ವ ಹಿಗ್ಗುತ್ತಿರುವುದರಿಂದ ಬಹಳ ದೂರದ ಗೆಲಾಕ್ಸಿಗಳ ಬೆಳಕು ನಮ್ಮನ್ನು ತಲುಪುವಷ್ಟರಲ್ಲಿ ಹಿಗ್ಗಿ, ಕೆಂಪನ್ನೂ ದಾಟಿ, ಕಣ್ಣಿಗೆ ಕಾಣದ ಅವಗೆಂಪಿಗೆ ಸರಿದಿರುತ್ತದೆ. ಬೆಚ್ಚಗಿರುವ ವಸ್ತುಗಳೆಲ್ಲ ಅದೇ ಅವಗೆಂಪನ್ನು ಸೂಸುತ್ತವೆ: ಭೂಮಿ, ಗಾಳಿ, ದೂರದರ್ಶಕದ ಮೈ ಕೂಡ. ಹಗಲಿನಲ್ಲಿ ದೀಪದ ಹುಳು ಹುಡುಕಿದಂತಾಗುತ್ತದೆ. ಆದ್ದರಿಂದ 2021ರ ಡಿಸೆಂಬರ್ 25ರಂದು ಹಾರಿದ ವೆಬ್ ಅನ್ನು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಟೆನಿಸ್ ಅಂಗಳದಷ್ಟು ದೊಡ್ಡ ಐದು ಪದರದ ಬಿಸಿಲುಮರೆಯ ನೆರಳಿನಲ್ಲಿ ಇರಿಸಿದ್ದಾರೆ. ಚಿನ್ನದ ಲೇಪವಿರುವ ಬೆರಿಲಿಯಂ ಲೋಹದ 18 ತುಂಡುಗಳು ಸೇರಿ 6.5 ಮೀಟರ್ ಕನ್ನಡಿಯಾಗಿವೆ. ಚಿನ್ನ ವೈಭವಕ್ಕಲ್ಲ, ಅವಗೆಂಪನ್ನು ಅದು ಬಹಳ ಚೆನ್ನಾಗಿ ಪ್ರತಿಫಲಿಸುತ್ತದೆ.

ಬಣ್ಣದ ಮಾತು ಹೇಳುವುದಾದರೆ, ಕಾಣದ ಬೆಳಕಿಗೆ ಕಾಣುವ ಬಣ್ಣವನ್ನು ನಿಯಮದ ಪ್ರಕಾರ ಹಚ್ಚುತ್ತಾರೆ. ಹೆಚ್ಚು ಉದ್ದದ ತರಂಗಕ್ಕೆ ಕೆಂಪು, ಕಡಿಮೆ ಉದ್ದದ್ದಕ್ಕೆ ನೀಲಿ. ಮಂದ್ರಸ್ಥಾಯಿಯ ಹಾಡನ್ನು ನಮ್ಮ ಕಂಠಕ್ಕೆ ಒಗ್ಗುವ ಶ್ರುತಿಗೆ ಏರಿಸಿಕೊಂಡು ಹಾಡಿದಂತೆ, ರಾಗ ಅದೇ. ಅಲ್ಲಿಗೇ ಹೋಗಿ ನೋಡಿದರೂ ಬರಿಗಣ್ಣಿಗೆ ಹಾಗೆ ಕಾಣುವುದಿಲ್ಲ ಎಂಬುದೂ ನಿಜ.

ವೆಬ್ ಕೊಟ್ಟ ದೊಡ್ಡ ಅಚ್ಚರಿ ಆರಂಭಕಾಲದ ಗೆಲಾಕ್ಸಿಗಳದ್ದು. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. ಮಹಾಸ್ಫೋಟವಾಗಿ ಸುಮಾರು 28 ಕೋಟಿ ವರ್ಷಗಳಷ್ಟೇ ಆಗಿದ್ದಾಗಿನ ಗೆಲಾಕ್ಸಿಯೊಂದನ್ನು 2025ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಅಂಥವು ಎಣಿಸಿದ್ದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ಪ್ರಕಾಶದಿಂದ ಕಾಣುತ್ತಿವೆ. ಇಷ್ಟು ಬೇಗ ಇಷ್ಟು ನಕ್ಷತ್ರಗಳು ಹುಟ್ಟಿದ್ದು ಹೇಗೆ ಎಂಬುದು ಈಗಿನ ಬಿಸಿ ಚರ್ಚೆ.

ನಮ್ಮ ಶರಾವತಿಗೂ ವಿಶ್ವದ ಮೊದಲ ನಕ್ಷತ್ರಗಳಿಗೂ ಸಂಬಂಧವಿದೆಯಂತೆ, ಹೌದೇ?

ಹೌದು. ಈ ಪುಟದಲ್ಲಿ ಒಂದೇ ಉತ್ತರ ಓದುವ ಪುರುಸೊತ್ತು ಇರುವವರು ಇದನ್ನೇ ಓದಿ ಎನ್ನುತ್ತೇನೆ.

ಮೊದಲ ನಕ್ಷತ್ರಗಳು ಹೊತ್ತಿಕೊಳ್ಳುವ ಮುಂಚೆ ವಿಶ್ವದ ತುಂಬ ಇದ್ದುದು ಬಹುಪಾಲು ಹೈಡ್ರೋಜನ್ ಅನಿಲ. ಹೈಡ್ರೋಜನ್ 1420 ಮೆಗಾಹರ್ಟ್ಸ್‌ನಲ್ಲಿ, ಅಂದರೆ 21 ಸೆಂಟಿಮೀಟರ್ ತರಂಗಾಂತರದಲ್ಲಿ, ರೇಡಿಯೋ ಅಲೆಗಳನ್ನು ಸೂಸುತ್ತದೆ, ಹೀರುತ್ತದೆ. ಆ ಅಲೆ ವಿಶ್ವದೊಂದಿಗೆ ಹಿಗ್ಗಿ ಹಿಗ್ಗಿ ನಮ್ಮನ್ನು ತಲುಪುವಾಗ ಎಫ್‌ಎಂ ರೇಡಿಯೋದ ಕೆಳಗಿನ ಆವರ್ತನಗಳಿಗೆ ಇಳಿದಿರುತ್ತದೆ. ಮೊದಲ ನಕ್ಷತ್ರಗಳ ಬೆಳಕು ಆ ಅನಿಲವನ್ನು ಮುಟ್ಟಿದ ಕಾಲದ ಗುರುತಾಗಿ ಆಕಾಶದ ರೇಡಿಯೋ ರೋಹಿತದಲ್ಲಿ ಸಣ್ಣ ತಗ್ಗು ಇರಬೇಕು ಎಂಬುದು ಲೆಕ್ಕಾಚಾರ. 2018ರ ಫೆಬ್ರವರಿಯಲ್ಲಿ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನಡೆದ ಎಡ್ಜಸ್ ಎಂಬ ಪ್ರಯೋಗದ ತಂಡ 78 ಮೆಗಾಹರ್ಟ್ಸ್ ಬಳಿ ಆ ತಗ್ಗು ಸಿಕ್ಕಿತೆಂದು ಪ್ರಕಟಿಸಿತು. ತಗ್ಗಿನ ಆಳ ಸುಮಾರು ಅರ್ಧ ಕೆಲ್ವಿನ್ (ಆಕಾಶದ ರೇಡಿಯೋ ಸದ್ದಿನ ಬಲವನ್ನು ಉಷ್ಣತೆಯ ಈ ಮಾನದಲ್ಲೇ ಹೇಳುತ್ತಾರೆ). ಸಾಮಾನ್ಯ ಸಿದ್ಧಾಂತ ಕೊಡುವ ಗರಿಷ್ಠ ಆಳದ ಎರಡು ಪಟ್ಟಿಗಿಂತ ಹೆಚ್ಚು. ಹಾಗಿದ್ದರೆ ಹೊಸ ಭೌತವಿಜ್ಞಾನವೇ ಬೇಕಾಗುತ್ತದೆಂದು ಕಪ್ಪು ದ್ರವ್ಯವನ್ನು ಎಳೆದು ತಂದ ಪ್ರಬಂಧಗಳು ಸಾಲುಗಟ್ಟಿ ಬಂದವು.

ಅಳತೆಯ ಕಷ್ಟ ಎಲ್ಲಿದೆಯೆಂದರೆ, ಆ ಆವರ್ತನದಲ್ಲಿ ನಮ್ಮ ಆಕಾಶಗಂಗೆಯ ರೇಡಿಯೋ ಸದ್ದೇ ಸಾವಿರ ಕೆಲ್ವಿನ್‌ಗಳ ಲೆಕ್ಕದಲ್ಲಿರುತ್ತದೆ. ಯಕ್ಷಗಾನದ ಚಂಡೆ ಬಾರಿಸುವಾಗ ರಂಗಸ್ಥಳದ ಆಚೆ ಯಾರೋ ಪಿಸುಗುಟ್ಟಿದ್ದನ್ನು ಕೇಳಿಸಿಕೊಳ್ಳಬೇಕು. ಅಷ್ಟೇ ಅಲ್ಲ, ನೆಲದ ಮೇಲೆ ನಿಂತ ಆಂಟೆನಾ ಕೆಳಗಿನ ಮಣ್ಣು, ಕಲ್ಲು, ತೇವಗಳ ಪದರಗಳಿಂದ ಮರಳಿ ಬರುವ ಅಲೆಗಳನ್ನೂ ಹಿಡಿಯುತ್ತದೆ. ಆ ಪದರಗಳು ಒಂದೊಂದು ಅಡಿಗೆ ಒಂದೊಂದು ಬಗೆ. ಅವು ಮಾಡುವ ಏರಿಳಿತವನ್ನು ಪೂರ್ತಿ ಲೆಕ್ಕ ಹಾಕುವುದು ಕಷ್ಟ.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಇದಕ್ಕೆ ಕಂಡುಕೊಂಡ ದಾರಿ ಆಂಟೆನಾವನ್ನು ನೀರಿನ ಮೇಲೆ ತೇಲಿಸುವುದು. ನೀರು ಮಣ್ಣಿನಂತೆ ಪದರಪದರವಲ್ಲ, ಎಲ್ಲೆಡೆ ಒಂದೇ ಬಗೆ. ಅದರ ವಿದ್ಯುತ್ ಗುಣವನ್ನು ಖಚಿತವಾಗಿ ಅಳೆಯಬಹುದು. ಸರಸ್-3 ಎಂಬ ತಮ್ಮ ಉಪಕರಣವನ್ನು, ಶಂಕುವಿನಾಕಾರದ ಆಂಟೆನಾ ಹೊತ್ತ ತೆಪ್ಪವಾಗಿ, ಅವರು 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯ ಮೇಲೆ ಹಾಗೂ ಶರಾವತಿಯ ಹಿನ್ನೀರಿನ ಮೇಲೆ ತೇಲಿಬಿಟ್ಟರು. ಜೋಗದಲ್ಲಿ ಧುಮುಕಿ, ಗೇರುಸೊಪ್ಪೆ ದಾಟಿ, ಹೊನ್ನಾವರದಲ್ಲಿ ಕಡಲು ಸೇರುವ ಅದೇ ನೀರು. ಅಳೆದ ಆವರ್ತನ 55ರಿಂದ 85 ಮೆಗಾಹರ್ಟ್ಸ್. 2022ರ ಫೆಬ್ರವರಿಯಲ್ಲಿ ಪ್ರಕಟವಾದ ಫಲಿತಾಂಶ ನೇರವಾಗಿತ್ತು: ಎಡ್ಜಸ್ ಹೇಳಿದ ಆಕಾರದ ತಗ್ಗು ಇಲ್ಲ, ಶೇಕಡಾ 95.3ರಷ್ಟು ವಿಶ್ವಾಸದಿಂದ ಅದನ್ನು ತಳ್ಳಿಹಾಕಬಹುದು.

"ಇಲ್ಲ" ಎಂಬ ಫಲಿತಾಂಶಕ್ಕೆ ಪತ್ರಿಕೆಯ ಮುಖಪುಟ ಸಿಗುವುದು ಕಷ್ಟ. ನನಗಂತೂ ಈ ದಶಕದಲ್ಲಿ ಭಾರತದಲ್ಲಿ ನಡೆದ ಅತ್ಯಂತ ಸೊಗಸಾದ ಪ್ರಯೋಗಗಳಲ್ಲಿ ಇದೊಂದು ಎನಿಸಿದೆ. ಸಾವಿರಾರು ಕೋಟಿಯ ಯಂತ್ರವಲ್ಲ, ಬೆಟ್ಟವಲ್ಲ. ತಮ್ಮ ಉಪಕರಣದ ಸದ್ದು ಯಾವುದು, ಆಕಾಶದ ಸದ್ದು ಯಾವುದು ಎಂದು ತಿಳಿದವರ ತಾಳ್ಮೆ. "ನಮ್ಮಲ್ಲಿ ಕಡಲೇ ಇದೆಯಲ್ಲ, ಇಲ್ಲೇಕೆ ತೇಲಿಸಲಿಲ್ಲ" ಎಂದು ಕಾರವಾರದಲ್ಲಿ ಒಬ್ಬ ಮೀನುಗಾರರು ಕೇಳಿದರು. ಮರುಕ್ಷಣವೇ "ತೆರೆಗೆ ತೆಪ್ಪ ನಿಲ್ಲುವುದಿಲ್ಲ ಬಿಡಿ" ಎಂದು ಉತ್ತರವನ್ನೂ ಅವರೇ ಕೊಟ್ಟರು. ಮೊದಲ ನಕ್ಷತ್ರಗಳ ನಿಜವಾದ ಗುರುತಿನ ಹುಡುಕಾಟ ಇನ್ನೂ ನಡೆದಿದೆ. ಚಂದ್ರನ ಹಿಂಬದಿಯಲ್ಲಿ, ಭೂಮಿಯ ರೇಡಿಯೋ ಗದ್ದಲ ಕೇಳದ ಕಡೆ, ಚಂದ್ರನನ್ನು ಸುತ್ತುತ್ತ ಅಳೆಯುವ ಪ್ರತ್ಯುಷ್ ಎಂಬ ಉಪಕರಣವನ್ನು ಅದೇ ಸಂಸ್ಥೆ ಪ್ರಸ್ತಾಪಿಸಿದೆ.

ರೇಡಿಯೋ ದೂರದರ್ಶಕಗಳಲ್ಲಿ ಭಾರತದ ಪಾಲೇನು?

ದೊಡ್ಡದು. ಪುಣೆಯ ಉತ್ತರಕ್ಕೆ ಖೋಡದ್‌ನಲ್ಲಿರುವ ಜಿಎಂಆರ್‌ಟಿಯಲ್ಲಿ 45 ಮೀಟರ್ ಅಗಲದ, ಬುಟ್ಟಿಯಾಕಾರದ 30 ಡಿಶ್ ಆಂಟೆನಾಗಳಿವೆ. ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ಕಟ್ಟಿದ ಈ ಬುಟ್ಟಿಗಳ ಮೈ ಗಟ್ಟಿ ತಗಡಲ್ಲ, ತಂತಿಯ ಜಾಲರಿ; ಮೀಟರುಗಟ್ಟಲೆ ಉದ್ದದ ರೇಡಿಯೋ ಅಲೆಗೆ ಅದೇ ಕನ್ನಡಿಯಾಗುತ್ತದೆ, ಗಾಳಿ ಮಾತ್ರ ನುಸುಳಿ ಹೋಗುತ್ತದೆ. ನಮ್ಮ ರಾಜ್ಯದ ಗೌರಿಬಿದನೂರಿನಲ್ಲಿಯೂ 1970ರ ದಶಕದಿಂದ ರೇಡಿಯೋ ವೀಕ್ಷಣಾಲಯವಿದೆ.

2023ರ ಜೂನ್ 29ರಂದು ಜಗತ್ತಿನ ಹಲವು ತಂಡಗಳು ಒಟ್ಟಿಗೆ ಒಂದು ಸುದ್ದಿ ಕೊಟ್ಟವು. ಗಡಿಯಾರದಷ್ಟು ಕರಾರುವಾಕ್ಕಾಗಿ ಮಿಡಿಯುವ ಪಲ್ಸಾರ್ ಎಂಬ ನಕ್ಷತ್ರಗಳ ಮಿಡಿತವನ್ನು ವರ್ಷಗಟ್ಟಲೆ ಅಳೆದು ನೋಡಿದಾಗ, ಮಹಾ ಕಪ್ಪುಕುಳಿಗಳ ಜೋಡಿಗಳಿಂದ ಬರುವಂಥ, ಒಂದೊಂದು ಏರಿಳಿತಕ್ಕೆ ವರ್ಷಗಳೇ ಹಿಡಿಯುವ ಗುರುತ್ವ ಅಲೆಗಳ (ದೇಶಕಾಲದಲ್ಲೇ ಏಳುವ ನಡುಕದ) ಸುಳಿವು ಸಿಕ್ಕಿತ್ತು. ಜಿಎಂಆರ್‌ಟಿಯ ಅಳತೆಗಳೂ ಅದರಲ್ಲಿ ಸೇರಿದ್ದವು. ಮುಂದಿನ ದೊಡ್ಡ ಯೋಜನೆ ಎಸ್‌ಕೆಎ: ಆಸ್ಟ್ರೇಲಿಯಾದಲ್ಲಿ ಮರದಾಕಾರದ 1,31,072 ಆಂಟೆನಾಗಳು, ದಕ್ಷಿಣ ಆಫ್ರಿಕಾದಲ್ಲಿ 197 ಬುಟ್ಟಿಗಳು. ಭಾರತ ಅದಕ್ಕೆ 1250 ಕೋಟಿ ರೂಪಾಯಿಯ ಪಾಲನ್ನು ಒಪ್ಪಿಕೊಂಡಿದೆ.

ಲೈಗೋ ಎಂದರೇನು? ಅದು ಭಾರತಕ್ಕೂ ಬರುತ್ತದೆಯಂತೆ?

ಎರಡು ಕಪ್ಪುಕುಳಿಗಳು ಡಿಕ್ಕಿಯಾದಾಗ ದೇಶಕಾಲದಲ್ಲೇ ಎದ್ದು ಬರುವ ನಡುಕವನ್ನು ಲೈಗೋ ಅಳೆಯುತ್ತದೆ. ಒಂದಕ್ಕೊಂದು ಅಡ್ಡವಾಗಿ ಚಾಚಿದ 4 ಕಿಲೋಮೀಟರ್ ಉದ್ದದ ಎರಡು ಕೊಳವೆಗಳಲ್ಲಿ ಲೇಸರ್ ಓಡಾಡುತ್ತದೆ. ಅಲೆ ಬಂದಾಗ ಕೊಳವೆಯ ಉದ್ದದಲ್ಲಾಗುವ ಬದಲಾವಣೆ ಪ್ರೋಟಾನಿನ ಅಗಲದ ಸಾವಿರದಲ್ಲೊಂದು ಪಾಲಿನಷ್ಟು. 2015ರ ಸೆಪ್ಟೆಂಬರ್ 14ರಂದು ಮೊದಲ ಅಲೆ ಸಿಕ್ಕಿತು.

ಇಲ್ಲಿಯೂ ಬೇಡದ ಸದ್ದಿನದೇ ಕಾಟ. ಲಾರಿ ಓಡಿದರೆ, ಮರ ಬಿದ್ದರೆ ಉಪಕರಣಕ್ಕೆ ತಿಳಿಯುತ್ತದೆ. ಕಡಲ ತೆರೆಗಳು ನೆಲಕ್ಕೆ ಕೊಡುವ ನಡುಕ ನೂರಾರು ಕಿಲೋಮೀಟರ್ ಒಳನಾಡಿಗೂ ಹರಡುತ್ತದೆ. ಅಮೆರಿಕದ ಲೈಗೋಗಳಲ್ಲಿ ದೂರದ ಸಮುದ್ರದ ಬಿರುಗಾಳಿಯೂ ದಾಖಲಾಗುತ್ತದೆ. ಆಷಾಢದಲ್ಲಿ ನಮ್ಮ ಮನೆಯ ಕಿಟಕಿ ಗಾಜು ಕಡಲ ಮೊರೆತಕ್ಕೆ ಅದುರುವುದನ್ನು ಕಂಡವರಿಗೆ ಇದು ಹೊಸತಲ್ಲ. ಭಾರತದ ಲೈಗೋ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾದಲ್ಲಿ ಬರಲಿದೆ. 2023ರ ಏಪ್ರಿಲ್‌ನಲ್ಲಿ ಸುಮಾರು 2600 ಕೋಟಿ ರೂಪಾಯಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿತು. ಭೂಮಿಯ ಈ ಭಾಗದಲ್ಲೂ ಒಂದು ಕಿವಿ ಇದ್ದರೆ ಸದ್ದು ಆಕಾಶದ ಯಾವ ದಿಕ್ಕಿನಿಂದ ಬಂತೆಂದು ಹೇಳುವುದು ಬಹಳ ಸುಲಭವಾಗುತ್ತದೆ.

1980ರ ಗ್ರಹಣ ನಮ್ಮಲ್ಲಿ ಪೂರ್ತಿ ಕಂಡಿತ್ತು. ಅಂಥದ್ದು ಮತ್ತೆ ಯಾವಾಗ?

ಇದನ್ನು ಕೇಳುವವರು ಹೆಚ್ಚಾಗಿ ಅಂಕೋಲಾ, ಕಾರವಾರದ ಹಿರಿಯರು. 1980ರ ಫೆಬ್ರವರಿ 16ರ ಮಧ್ಯಾಹ್ನದ ನಂತರ ಖಗ್ರಾಸ ಸೂರ್ಯಗ್ರಹಣದ ನೆರಳು ನಮ್ಮ ಕರಾವಳಿಯಲ್ಲೇ ಭಾರತದ ನೆಲ ಮುಟ್ಟಿ, ರಾಯಚೂರಿನ ಕಡೆ ಸಾಗಿ, ಒಡಿಶಾದತ್ತ ಹೋಯಿತು. ಬಹಳ ಮಂದಿ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು. ಹೊರಗೆ ನಿಂತು ನೋಡಿದ ಕೆಲವರು ಕಪ್ಪು ಬಿಂಬದ ಸುತ್ತ ಬೆಳ್ಳಿಯ ಜಟೆಯಂತಿದ್ದ ಕರೋನಾವನ್ನು (ಸೂರ್ಯನ ಹೊರ ವಾಯುಮಂಡಲವನ್ನು) ಇಂದಿಗೂ ಮರೆತಿಲ್ಲ. ಅಂಥದ್ದು ಒಂದೇ ಊರಿಗೆ ಶತಮಾನಗಳಿಗೊಮ್ಮೆ ಬಂದರೆ ಹೆಚ್ಚು.

ಆ ಕರೋನಾವನ್ನು ನೋಡಲು ವಿಜ್ಞಾನಿಗಳು ಈಗ ಗ್ರಹಣಕ್ಕಾಗಿ ಕಾಯಬೇಕಾಗಿಲ್ಲ. 2023ರ ಸೆಪ್ಟೆಂಬರ್ 2ರಂದು ಹಾರಿ, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ನೆಲೆ ಸೇರಿದ ಆದಿತ್ಯ-ಎಲ್1 ನೌಕೆಯಲ್ಲಿ ಏಳು ಉಪಕರಣಗಳಿವೆ. ಅವುಗಳಲ್ಲಿ ದೊಡ್ಡದಾದ ವೆಲ್ಕ್ ಅನ್ನು ಭಾರತೀಯ ಖಗೋಳಭೌತ ಸಂಸ್ಥೆ ಹೊಸಕೋಟೆಯಲ್ಲಿ ಸಿದ್ಧಪಡಿಸಿತು. ಅದು ಸೂರ್ಯಬಿಂಬವನ್ನು ತಾನೇ ಮರೆಮಾಡಿ, ಬಿಂಬದ ಅಂಚಿಗೆ ಬಹಳ ಹತ್ತಿರದವರೆಗೂ ಕರೋನಾವನ್ನು ನೋಡುತ್ತದೆ. ಅಂಕೋಲಾದಲ್ಲಿ ಎರಡು ನಿಮಿಷ ದಾಟಿ ಸ್ವಲ್ಪ ಹೊತ್ತು ಕಂಡದ್ದು ಅದಕ್ಕೆ ದಿನವಿಡೀ ಕಾಣುತ್ತದೆ. ಸೂರ್ಯನ ಮೇಲ್ಮೈ ಸುಮಾರು 5500 ಡಿಗ್ರಿ ಸೆಲ್ಸಿಯಸ್ ಇರುವಾಗ ಅದರ ಹೊರಗಿನ ಕರೋನಾ ಹತ್ತು ಲಕ್ಷ ಡಿಗ್ರಿ ಮೀರಿ ಕಾದಿರುವುದೇಕೆ ಎಂಬುದು ಇನ್ನೂ ಪೂರ್ತಿ ಬಿಡಿಸದ ಒಗಟು.

ಕಪ್ಪು ಶಕ್ತಿ ಕುಗ್ಗುತ್ತಿದೆ ಎಂದು ಓದಿದೆ. ವಿಶ್ವದ ಹಣೆಬರಹ ಬದಲಾಯಿತೇ?

ಅಷ್ಟು ಅವಸರ ಬೇಡ. ಅಮೆರಿಕದ ಕಿಟ್ ಪೀಕ್‌ನಲ್ಲಿರುವ ಡೆಸಿ ಎಂಬ ಉಪಕರಣ 5000 ಗಾಜಿನ ಎಳೆಗಳನ್ನು ಪುಟ್ಟ ರೋಬೋಟ್‌ಗಳಿಂದ ಒಂದೊಂದು ಗೆಲಾಕ್ಸಿಗೆ ಗುರಿಯಿಟ್ಟು, ಒಮ್ಮೆಗೇ 5000 ರೋಹಿತಗಳನ್ನು ಪಡೆಯುತ್ತದೆ. ಸುಮಾರು 1.5 ಕೋಟಿ ಗೆಲಾಕ್ಸಿ ಮತ್ತು ಕ್ವೇಸಾರ್‌ಗಳ (ಬಹಳ ಪ್ರಕಾಶದ ಗೆಲಾಕ್ಸಿ ಕೇಂದ್ರಗಳ) ದೂರವನ್ನು ಅಳೆದ ಮೇಲೆ, 2025ರ ಮಾರ್ಚ್‌ನಲ್ಲಿ, ವಿಶ್ವವನ್ನು ಹಿಗ್ಗಿಸುವ ಕಪ್ಪು ಶಕ್ತಿ ಕಾಲಕ್ರಮದಲ್ಲಿ ಕುಗ್ಗುತ್ತಿರಬಹುದೆಂಬ ಸುಳಿವು ಬಂದಿದೆ. ಭೌತವಿಜ್ಞಾನಿಗಳು ಆವಿಷ್ಕಾರವೆಂದು ಒಪ್ಪಲು ಐದು ಸಿಗ್ಮಾ ಖಚಿತತೆ ಬೇಕು (ಸಿಗ್ಮಾ ಹೆಚ್ಚಿದಷ್ಟೂ ಅದು ಬರೀ ಆಕಸ್ಮಿಕವಾಗಿರುವ ಸಾಧ್ಯತೆ ಕಡಿಮೆ); ಇದು ಬೇರೆ ಯಾವ ಮಾಹಿತಿಯೊಂದಿಗೆ ಸೇರಿಸುತ್ತೀರಿ ಎಂಬುದರ ಮೇಲೆ 2.8ರಿಂದ 4.2ರ ನಡುವೆ ಇದೆ. ಎಡ್ಜಸ್‌ನ ಕಥೆ ಓದಿ ಬಂದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಕೆ2-18ಬಿ ಗ್ರಹದಲ್ಲಿ ಜೀವ ಸಿಕ್ಕಿತಂತೆ? 3ಐ/ಅಟ್ಲಾಸ್ ಅನ್ಯಗ್ರಹದವರ ನೌಕೆಯಂತೆ?

ಎರಡಕ್ಕೂ ಉತ್ತರ ಇಲ್ಲ ಎಂದೇ. ಎರಡೂ ಒಂದೇ ಬಗೆಯ "ಇಲ್ಲ" ಅಲ್ಲ. ಸಿಂಹ ರಾಶಿಯಲ್ಲಿ ಸುಮಾರು 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದ ವಾಯುಮಂಡಲದಲ್ಲಿ ಡೈಮೀಥೈಲ್ ಸಲ್ಫೈಡ್ ಇದ್ದಿರಬಹುದೆಂದು 2025ರ ಏಪ್ರಿಲ್‌ನಲ್ಲಿ ಕೇಂಬ್ರಿಡ್ಜ್‌ನ ತಂಡ ವೆಬ್‌ನ ಮಾಹಿತಿಯಿಂದ ಹೇಳಿತು. ಭೂಮಿಯಲ್ಲಿ ಈ ಅನಿಲ ಹೆಚ್ಚಾಗಿ ಬರುವುದು ಕಡಲಿನ ಸೂಕ್ಷ್ಮ ಸಸ್ಯಗಳಿಂದ. ಕಡಲತೀರದ ವಾಸನೆಯಲ್ಲಿ ಇದರ ಪಾಲೂ ಇದೆ. ಆದರೆ ಖಚಿತತೆ ಮೂರು ಸಿಗ್ಮಾ ಮಾತ್ರ, ಅದೇ ಮಾಹಿತಿಯನ್ನು ಮತ್ತೆ ಪರಿಶೀಲಿಸಿದ ಬೇರೆಯವರಿಗೆ ಆ ಅನಿಲ ಕಂಡಿಲ್ಲ, ಮೇಲಾಗಿ ಧೂಮಕೇತುವೊಂದರಲ್ಲಿಯೂ ಇದು ಜೀವದ ಹಂಗಿಲ್ಲದೆ ಸಿಕ್ಕಿದೆ. ಪ್ರಶ್ನೆ ಒಳ್ಳೆಯದು, ಉತ್ತರ ಇನ್ನೂ ಬಲಿತಿಲ್ಲ.

3ಐ/ಅಟ್ಲಾಸ್ 2025ರ ಜುಲೈ 1ರಂದು ಚಿಲಿಯ ಅಟ್ಲಾಸ್ ದೂರದರ್ಶಕಕ್ಕೆ ಸಿಕ್ಕಿದ ಧೂಮಕೇತು. ಬೇರೆ ನಕ್ಷತ್ರದ ಕಡೆಯಿಂದ ನಮ್ಮಲ್ಲಿಗೆ ಬಂದ ಮೂರನೆಯ ಅತಿಥಿ. ಧೂಮಕೇತುಗಳಂತೆಯೇ ಅನಿಲ, ಧೂಳು ಉಗುಳಿತು. ಆ ವರ್ಷದ ಡಿಸೆಂಬರ್ 19ರಂದು ಭೂಮಿಗೆ ಅತಿ ಹತ್ತಿರ ಬಂದಾಗಲೂ ಸುಮಾರು 27 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ನೌಕೆಯ ಕಥೆ ವಾಟ್ಸ್‌ಆ್ಯಪ್‌ನದು.

30 ಮೀಟರ್ ದೂರದರ್ಶಕದಲ್ಲಿ ಭಾರತವೂ ಪಾಲುದಾರ ಎಂದಿದ್ದರು. ಅದೇನಾಯಿತು?

492 ತುಂಡುಗಳ ಆ ಕನ್ನಡಿಯಲ್ಲಿ ಕೆಲವನ್ನು ಹೊಳಪಿಸಲು ಹೊಸಕೋಟೆಯಲ್ಲಿ ಕಾರ್ಯಾಗಾರವೂ ಸಿದ್ಧವಾಯಿತು. ದೂರದರ್ಶಕಕ್ಕಾಗಿ ಆರಿಸಿದ ಜಾಗ ಹವಾಯಿಯ ಮೌನಾ ಕೇ ಪರ್ವತ. ಮೂಲನಿವಾಸಿಗಳಿಗೆ ಅದು ಪವಿತ್ರ. 2015ರಲ್ಲಿ, ಮತ್ತೆ 2019ರಲ್ಲಿ ಅವರು ದಾರಿಗೆ ಅಡ್ಡ ಕುಳಿತರು, ಕಟ್ಟಡದ ಕೆಲಸ ಮುಂದೆ ಸಾಗಲಿಲ್ಲ. ವಿಜ್ಞಾನಕ್ಕೆ ಅಡ್ಡಿ ಎಂದು ಬೇರೆಯವರು ಬೈಯಬಹುದು. ಅಣೆಕಟ್ಟಿಗೆ, ಅಣುಸ್ಥಾವರಕ್ಕೆ, ನೌಕಾನೆಲೆಗೆ ನೆಲ ಬಿಟ್ಟುಕೊಟ್ಟ ನಮ್ಮ ಜಿಲ್ಲೆಯವರು ಹಾಗೆ ಬೈಯುವ ಮುಂಚೆ ಒಮ್ಮೆ ಯೋಚಿಸುತ್ತಾರೆ. ಭಾರತದ್ದೇ ಆದ 13.7 ಮೀಟರ್ ದೂರದರ್ಶಕವನ್ನು ಹಾನ್ಲೆಯಲ್ಲಿ ಕಟ್ಟುವ ಪ್ರಸ್ತಾಪ ಬೇರೆಯೇ ಇದೆ.

ನನ್ನ ಮಗಳಿಗೆ ಇದೇ ಓದಬೇಕೆಂದಿದೆ. ದಾರಿ ಯಾವುದು?

ಪಿಯುಸಿಯಲ್ಲಿ ಭೌತವಿಜ್ಞಾನ, ಗಣಿತ; ಪದವಿಯಲ್ಲಿಯೂ ಅವೇ. ಎಂಜಿನಿಯರಿಂಗ್ ಮುಗಿಸಿ ಉಪಕರಣ ಕಟ್ಟುವ ಕಡೆ ಬಂದವರೂ ಬಹಳ ಮಂದಿ ಇದ್ದಾರೆ. ಬಿಎಸ್ಸಿ ನಂತರ ಜಾಮ್, ಸಂಶೋಧನೆಗೆ ಜೆಸ್ಟ್ ಮುಂತಾದ ಪ್ರವೇಶ ಪರೀಕ್ಷೆಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಖಗೋಳಭೌತ ಸಂಸ್ಥೆ, ರಾಮನ್ ಸಂಸ್ಥೆ, ಪುಣೆಯ ಅಯೂಕಾ ಮತ್ತು ಎನ್‌ಸಿಆರ್‌ಎ ಮುಖ್ಯ ಕೇಂದ್ರಗಳು. ಪ್ರೋಗ್ರಾಮಿಂಗ್ ಅನ್ನು ಇಂದೇ ಶುರುಮಾಡಲಿ, ಪೈಥಾನ್ ಸಾಕು. ಪಿಎಚ್‌ಡಿ ಎಂದರೆ ಐದಾರು ವರ್ಷ, ಅದರ ಮೇಲೆ ಕಾಯಂ ಕೆಲಸ ಸಿಗುವ ಮುಂಚೆ ಇನ್ನೂ ಕೆಲವು ವರ್ಷಗಳ ಅಲೆದಾಟ ಎಂಬುದನ್ನು ಮನೆಯವರು ಮೊದಲೇ ತಿಳಿದಿರುವುದು ಒಳ್ಳೆಯದು.

ಊರಿನ ದೀಪಗಳಿಂದ ನಿಮಗೆ ತೊಂದರೆಯಾಗುವುದಿಲ್ಲವೇ?

ಆಗುತ್ತದೆ. ಹತ್ತು ವರ್ಷಗಳ ಹಿಂದೆ ಕಾರವಾರದ ತೀರದಿಂದ ಪಶ್ಚಿಮದ ದಿಗಂತ ಕಪ್ಪಾಗಿರುತ್ತಿತ್ತು. ಈಗ ಕೆಲವು ರಾತ್ರಿ ದೂರದ ದೋಣಿಗಳ ಎಲ್‌ಇಡಿ ದೀಪಗಳಿಂದ ಅಲ್ಲೊಂದು ಬಿಳಿ ಪಟ್ಟಿ ಕಾಣುತ್ತದೆ. ವೃತ್ತಿಪರರಿಗೆ ದೊಡ್ಡ ತಲೆನೋವು ಮೇಲಿನದು: ಸಾವಿರಾರು ಅಂತರ್ಜಾಲ ಉಪಗ್ರಹಗಳು ರೂಬಿನ್‌ನಂಥ ಅಗಲ ನೋಟದ ಚಿತ್ರಗಳಲ್ಲಿ ಬಿಳಿಗೆರೆ ಎಳೆಯುತ್ತವೆ. ಅವುಗಳ ಮೈಗೆ ಕಡಿಮೆ ಹೊಳೆಯುವ ಲೇಪ ಹಚ್ಚುವ ಪ್ರಯತ್ನ ನಡೆದಿದೆಯಾದರೂ ಸಂಖ್ಯೆ ಏರುತ್ತಲೇ ಇದೆ.

ಮಳೆಗಾಲದಲ್ಲಿ ನೀವು ಏನು ಮಾಡುತ್ತೀರಿ?

ಬೇರೆಯವರ ಆಕಾಶ ನೋಡುತ್ತೇವೆ. ವೆಬ್‌ನ ಬಹಳಷ್ಟು ಮಾಹಿತಿ, ಭಾರತದ ಆಸ್ಟ್ರೋಸ್ಯಾಟ್ ಎಂಬ ಖಗೋಳ ಉಪಗ್ರಹದ ಮಾಹಿತಿ ಸಾರ್ವಜನಿಕರಿಗೆ ತೆರೆದಿದೆ. 2007ರಲ್ಲಿ ಶುರುವಾದ ಗೆಲಾಕ್ಸಿ ಝೂ ಎಂಬ ಜಾಲತಾಣದಲ್ಲಿ ಮನೆಯಲ್ಲೇ ಕುಳಿತು ಗೆಲಾಕ್ಸಿಗಳ ಆಕಾರ ವಿಂಗಡಿಸಬಹುದು. ಕರೆಂಟು ಇದ್ದ ಸಂಜೆ ಶಿರಸಿಯಲ್ಲಿ ನಾಲ್ಕಾರು ಮಕ್ಕಳು ಸೇರಿ ಆ ಕೆಲಸ ಮಾಡುತ್ತಾರೆ. ಉಳಿದಂತೆ, ಮಸೂರಗಳು ಈಗ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿವೆ. ಹದಿನೈದು ದಿನಕ್ಕೊಮ್ಮೆ ಡಬ್ಬಿ ತೆರೆದು ನೋಡುತ್ತೇವೆ. ಹರಳುಗಳು ನೀಲಿಯಿಂದ ಗುಲಾಬಿಗೆ ತಿರುಗಿದ್ದರೆ ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿ, ಆರಿಸಿ, ಮತ್ತೆ ಒಳಗಿಡುತ್ತೇವೆ.